ಹಂಟರನ ಸಿಟ್ಟು, ಜೆನ್ನರನ ಮೌನ

ಮನಸ್ಸಿನ ಒತ್ತಡಕ್ಕೂ ರಕ್ತನಾಳಕ್ಕೂ ಇರುವ ನಂಟಿನ ಮಾತು ಬಂದಾಗಲೆಲ್ಲ ನನಗೆ ಜಾನ್ ಹಂಟರ್ ನೆನಪಾಗುತ್ತಾನೆ. ಹದಿನೆಂಟನೆಯ ಶತಮಾನದ ಲಂಡನ್ನಿನ ಈ ಹೆಸರಾಂತ ಶಸ್ತ್ರವೈದ್ಯ ಮಹಾ ಕೋಪಿಷ್ಠ. ಎದೆನೋವು ಅವನನ್ನು ವರ್ಷಗಟ್ಟಲೆ ಕಾಡಿತ್ತು. ಸಿಟ್ಟು ಬಂದರೆ ನೋವೂ ಬರುತ್ತಿತ್ತು. ತನ್ನನ್ನು ಕೆಣಕುವ ಯಾವ ಪುಂಡನ ಕೈಯಲ್ಲಾದರೂ ತನ್ನ ಪ್ರಾಣವಿದೆ ಎಂದು ಅವನೇ ಹೇಳಿಕೊಳ್ಳುತ್ತಿದ್ದನಂತೆ.

ಮುಂದೆ ಸಿಡುಬಿನ ಲಸಿಕೆಯಿಂದ ಹೆಸರಾದ ಎಡ್ವರ್ಡ್ ಜೆನ್ನರ್ ಅವನ ಶಿಷ್ಯ. ಇಂಥ ಎದೆನೋವಿನಿಂದ ಸತ್ತವರ ಶವಪರೀಕ್ಷೆಯಲ್ಲಿ, ಹೃದಯಕ್ಕೇ ರಕ್ತ ಉಣಿಸುವ ನಾಳಗಳು ಗಡುಸಾಗಿರುವುದನ್ನು ಜೆನ್ನರ್ ಕಂಡಿದ್ದ. ಗುರುವಿನ ಕಾಯಿಲೆಯೂ ಇದೇ ಎಂದು ಊಹಿಸಿದ. ಹೇಳಿದರೆ ಗುರು ಆಸೆ ಕಳೆದುಕೊಂಡಾನೆಂದು ಬಾಯಿ ಬಿಡಲಿಲ್ಲ.

1793ರ ಅಕ್ಟೋಬರ್ 16. ಸೇಂಟ್ ಜಾರ್ಜ್ ಆಸ್ಪತ್ರೆಯ ಆಡಳಿತ ಸಭೆಯಲ್ಲಿ ವಿದ್ಯಾರ್ಥಿಗಳ ಪ್ರವೇಶದ ಬಗ್ಗೆ ವಾದ ಎದ್ದಿತು. ಯಾರೋ ಹಂಟರನಿಗೆ ಎದುರಾಡಿದರು. ಅವನು ಸಿಟ್ಟು ನುಂಗಿಕೊಂಡು ಪಕ್ಕದ ಕೋಣೆಗೆ ನಡೆದ. ಅಲ್ಲೇ ಕುಸಿದು ಸತ್ತ. ವಯಸ್ಸು 65. ಶವ ಕೊಯ್ದು ನೋಡಿದಾಗ ಆ ನಾಳಗಳು ಮೂಳೆಯಂತೆ ಗಟ್ಟಿಯಾಗಿದ್ದವು.

ಸಿಟ್ಟೊಂದೇ ಅವನನ್ನು ಕೊಂದಿತೆ? ನಾನು ಹಾಗೆನ್ನಲಾರೆ. ನಾಳಗಳು ಮೊದಲೇ ಕೆಟ್ಟಿದ್ದವು. ಉದ್ವೇಗದಲ್ಲಿ ಅಡ್ರಿನಲಿನ್ ಏರುತ್ತದೆ, ಹೃದಯ ಹೆಚ್ಚು ರಕ್ತ ಬೇಡುತ್ತದೆ. ಆರೋಗ್ಯವಂತ ನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಟ್ಟು ದಾರಿ ಅಗಲಿಸುತ್ತದೆ. ಕೆಟ್ಟ ನಾಳ ಅದೇ ಹೊತ್ತಿಗೆ ಬಿಗಿಯಬಹುದು. ಇದು ತಿಳಿಯಲು ಇಪ್ಪತ್ತನೆಯ ಶತಮಾನ ಬೇಕಾಯಿತು.

ನನ್ನನ್ನು ಹೆಚ್ಚು ಕಾಡುವುದು ಜೆನ್ನರನ ಮೌನ. ಹೇಳಿದ್ದರೂ ಅಂದು ಅದಕ್ಕೆ ಮದ್ದಿರಲಿಲ್ಲ. ಗುರುವಿನ ಕೋಪದ ಜೊತೆಗೆ ಭಯವೂ ಸೇರುತ್ತಿತ್ತು, ಅಷ್ಟೆ. ಅವನ ಜಾಗದಲ್ಲಿ ನಾನಿದ್ದರೂ ಸುಮ್ಮನಿರುತ್ತಿದ್ದೆನೇನೋ.