ಆಕ್ಷೇಪಣೆ ಮತ್ತು ಸಲಹೆಗಳ ಆಹ್ವಾನ

ಸರ್ಕಾರ ಹೊಸ ನಿಯಮವೊಂದನ್ನು ಜಾರಿಗೆ ತರುವ ಮೊದಲು ಅದರ ಕರಡನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ, ಗೊತ್ತುಪಡಿಸಿದ ಅವಧಿಯೊಳಗೆ ಸಾರ್ವಜನಿಕರ ಅಭಿಪ್ರಾಯ ಪಡೆಯುವ ಕ್ರಮಕ್ಕೆ ಈ ಹೆಸರು. ಭೂಸ್ವಾಧೀನ, ವಾರ್ಡ್ ವಿಂಗಡಣೆ, ಪರಿಸರ ಅನುಮತಿ ಮುಂತಾದವುಗಳಲ್ಲಿಯೂ ಇದು ಬಳಕೆಯಲ್ಲಿದೆ.

ಪ್ರಜೆಗಳ ಅಹವಾಲನ್ನು ಸಭೆ ಕರೆದು ಕೇಳುವ ಪದ್ಧತಿ ಮೈಸೂರು ಸಂಸ್ಥಾನದಲ್ಲಿ 1881ರಲ್ಲೇ ಆರಂಭವಾಗಿತ್ತು. ಆ ವರ್ಷದ ಅಕ್ಟೋಬರ್ 7ರಂದು ದಿವಾನ್ ಸಿ. ರಂಗಾಚಾರ್ಲು ಸೇರಿಸಿದ ಪ್ರಜಾಪ್ರತಿನಿಧಿ ಸಭೆಯಲ್ಲಿ 144 ಸದಸ್ಯರಿದ್ದರು. ಅವರು ಕುಂದುಕೊರತೆ ಹೇಳಿಕೊಳ್ಳಬಹುದಿತ್ತು. ತೀರ್ಮಾನದಲ್ಲಿ ಅವರಿಗೆ ಪಾಲಿರಲಿಲ್ಲ. ಕೇಳುವುದು ಪ್ರಭುತ್ವದ ಔದಾರ್ಯವಾಗಿತ್ತೇ ಹೊರತು ಕಟ್ಟಳೆಯಾಗಿರಲಿಲ್ಲ.

ಅದನ್ನು ಕಟ್ಟಳೆಯಾಗಿಸಿದ್ದು ಬ್ರಿಟಿಷ್ ಭಾರತದ 1897ರ ಜನರಲ್ ಕ್ಲಾಸಸ್ ಕಾಯ್ದೆಯ 23ನೇ ಕಲಂ. ಮೂಲ ಕಾಯ್ದೆಯು ‘ಪೂರ್ವಪ್ರಕಟಣೆ’ಯನ್ನು ಬಯಸಿದ್ದರೆ ಕರಡನ್ನು ಪ್ರಕಟಿಸಬೇಕು, ಅದನ್ನು ಪರಿಶೀಲನೆಗೆ ಎತ್ತಿಕೊಳ್ಳುವ ದಿನಾಂಕವನ್ನು ತಿಳಿಸಬೇಕು, ಅದಕ್ಕೆ ಮೊದಲು ಬಂದ ಆಕ್ಷೇಪಣೆಗಳನ್ನು ಪರಿಗಣಿಸಬೇಕು ಎಂದು ಅದು ಹೇಳಿತು. ಎಷ್ಟು ದಿನ ಕೊಡಬೇಕೆಂಬುದನ್ನು ಮಾತ್ರ ಹೇಳಲಿಲ್ಲ. ಆಕ್ಷೇಪಣೆಯನ್ನು ಏಕೆ ಒಪ್ಪಲಿಲ್ಲವೆಂದು ಉತ್ತರಿಸುವ ಹೊಣೆಯನ್ನೂ ಹೊರಿಸಲಿಲ್ಲ. ಅಮೆರಿಕದ 1946ರ ಆಡಳಿತ ಪ್ರಕ್ರಿಯಾ ಕಾಯ್ದೆ ಅಂತಿಮ ನಿಯಮದ ಜೊತೆಗೆ ಅದರ ಆಧಾರ, ಉದ್ದೇಶಗಳ ಸಂಕ್ಷಿಪ್ತ ವಿವರಣೆಯನ್ನೂ ಕೇಳುತ್ತದೆ. ನಮ್ಮಲ್ಲಿ ‘ಪರಿಗಣಿಸಲಾಗಿದೆ’ ಎಂಬ ಒಂದು ಮಾತಿನಲ್ಲಿ ಕೆಲಸ ಮುಗಿಯುತ್ತದೆ. ಈ ಪದ್ಧತಿಯ ಮುಖ್ಯ ದೌರ್ಬಲ್ಯ ಇದೇ.

ಭೂಸ್ವಾಧೀನದಲ್ಲಿ ಈ ಹಕ್ಕು ಬಂದದ್ದು ತಡವಾಗಿ. 1894ರ ಕಾಯ್ದೆಯಲ್ಲಿ ಮೊದಲು ಜಮೀನಿನವನ ತಕರಾರಿಗೆ ಅವಕಾಶವೇ ಇರಲಿಲ್ಲ. 1923ರ ತಿದ್ದುಪಡಿ 5ಎ ಕಲಂ ಸೇರಿಸಿ 30 ದಿನಗಳ ಕಾಲಾವಕಾಶ ಕೊಟ್ಟಿತು. ತುರ್ತು ಎಂಬ ಕಾರಣ ಕೊಟ್ಟು ಅದನ್ನು ಕೈಬಿಡುವ ಅಧಿಕಾರ ಸರ್ಕಾರಕ್ಕಿತ್ತು, ಅದು ಧಾರಾಳವಾಗಿಯೇ ಬಳಕೆಯಾಯಿತು. 2013ರ ಕಾಯ್ದೆಯಲ್ಲಿ ಅವಧಿ 60 ದಿನಗಳಿಗೆ ಏರಿತು.

ಪರಿಸರ ವಿಷಯದಲ್ಲಿ ನಿಯಮಗಳು ಹೆಚ್ಚು ವಿವರವಾಗಿವೆ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಅಧ್ಯಕ್ಷತೆ ವಹಿಸಬೇಕು, ಕಲಾಪವನ್ನು ವಿಡಿಯೊ ಮಾಡಬೇಕು. ಸಭೆಯ ಸಾರವನ್ನು ಕೊನೆಯಲ್ಲಿ ಸ್ಥಳೀಯ ಭಾಷೆಯಲ್ಲಿ ಓದಿಹೇಳಬೇಕು. ಕೋರಂ ಬೇಕಿಲ್ಲ, ನಾಲ್ಕೇ ಜನ ಬಂದರೂ ಸಭೆ ನಡೆದಂತೆಯೇ.

ಈ ಅಧಿಸೂಚನೆಯ ಜಾಗಕ್ಕೆ 2020ರಲ್ಲಿ ಬಂದ ಕರಡು, ಅಹವಾಲು ಸಭೆಯ 30 ದಿನಗಳ ಪೂರ್ವಸೂಚನೆಯನ್ನು 20ಕ್ಕೆ ಇಳಿಸಲು ಹೊರಟಿತ್ತು. ಕರಡು ಪ್ರಕಟವಾದದ್ದು ಲಾಕ್‌ಡೌನ್ ನಡುವೆ, ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಗಣಿ, ಅಣೆಕಟ್ಟುಗಳ ಬಿಸಿ ಮೊದಲು ತಟ್ಟುವ ಊರುಗಳ ಜನ ತಮಗೆ ಬಾರದ ಭಾಷೆಯಲ್ಲಿ ಬಂದದ್ದಕ್ಕೆ ಆಕ್ಷೇಪಣೆ ಬರೆಯುವುದಾದರೂ ಹೇಗೆ? ದೆಹಲಿ ಹೈಕೋರ್ಟ್ ಜೂನ್ 30ರಂದು ಗಡುವನ್ನು ಆಗಸ್ಟ್ 11ಕ್ಕೆ ವಿಸ್ತರಿಸಿ, ಕರಡನ್ನು ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿಗೂ ಅನುವಾದಿಸಲು ಆದೇಶಿಸಿತು. ಕರ್ನಾಟಕ ಹೈಕೋರ್ಟ್ ಕೂಡ ಆಗಸ್ಟ್‌ನಲ್ಲಿ ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ತಡೆ ನೀಡಿತು. ಅಷ್ಟರಲ್ಲಿ ಲಕ್ಷಗಟ್ಟಲೆ ಇಮೇಲ್‌ಗಳು ಸಚಿವಾಲಯ ತಲುಪಿದ್ದವು. ಸಚಿವರಿಗೆ ಬರುತ್ತಿದ್ದ ಇಮೇಲ್‌ಗಳ ಬಗ್ಗೆ ದೂರು ದಾಖಲಾಯಿತು. ದೆಹಲಿ ಪೊಲೀಸರು ಯುವ ಪರಿಸರ ಸಂಘಟನೆಯೊಂದರ ಜಾಲತಾಣ ಮುಚ್ಚಿಸಲು ಹೊರಡಿಸಿದ ನೋಟಿಸ್‌ನಲ್ಲಿ ಭಯೋತ್ಪಾದನೆ ತಡೆಯ ಯುಎಪಿಎ ಕಾಯ್ದೆಯನ್ನು ಉಲ್ಲೇಖಿಸಿ, ಬಳಿಕ ಅದನ್ನು ಹಿಂಪಡೆದರು. ಸಲಹೆ ಕೇಳಿದವರೇ ಸಲಹೆ ಹೆಚ್ಚಾಯಿತೆಂದು ದೂರಿದ್ದು ಈ ಇತಿಹಾಸದ ವಿಚಿತ್ರ ಅಧ್ಯಾಯ.

ಮಸೂದೆಗಳಿಗೂ ಇಂಥ ಕ್ರಮವನ್ನು ಕೇಂದ್ರ ಸರ್ಕಾರ 2014ರಲ್ಲಿ ರೂಪಿಸಿತು. ಕರಡು ಮಸೂದೆ ಕನಿಷ್ಠ 30 ದಿನ ಸಾರ್ವಜನಿಕರ ಮುಂದಿರಬೇಕು, ಬಂದ ಅಭಿಪ್ರಾಯಗಳ ಸಾರಾಂಶ ಸಂಪುಟದ ಟಿಪ್ಪಣಿಯಲ್ಲಿ ಸೇರಬೇಕು ಎಂಬುದು ಅದರ ಸಾರ. ಅದು ಕಾನೂನಲ್ಲ, ಬರೀ ನೀತಿ, ಪಾಲಿಸದಿದ್ದರೆ ಶಿಕ್ಷೆಯಿಲ್ಲ.

ಕರ್ನಾಟಕದಲ್ಲಿ ಕಾಲಾವಕಾಶದ ಜಗ್ಗಾಟ ಹೆಚ್ಚಾಗಿ ಕಾಣುವುದು ವಾರ್ಡ್ ವಿಂಗಡಣೆಯಲ್ಲಿ. ಬೆಂಗಳೂರಿನ 243 ವಾರ್ಡ್‌ಗಳ ಕರಡು 2022ರ ಜೂನ್ 23ರಂದು ಹೊರಬಿತ್ತು, ಆಕ್ಷೇಪಣೆಗೆ 15 ದಿನ ಕೊಡಲಾಯಿತು. ಮೂರು ಸಾವಿರಕ್ಕೂ ಹೆಚ್ಚು ಆಕ್ಷೇಪಣೆಗಳು ಬಂದವು. ಗಡುವು ಮುಗಿದ ಸುಮಾರು ಒಂದು ವಾರಕ್ಕೆ, ಜುಲೈ 14ರಂದು, ಅಂತಿಮ ಅಧಿಸೂಚನೆ ಹೊರಟಿತು. ಅಷ್ಟನ್ನೂ ಅಷ್ಟರಲ್ಲಿ ಓದಿ ತೂಗಿದರೆಂದು ನಂಬುವುದು ಕಷ್ಟ. ಮರುವರ್ಷ ವಾರ್ಡ್‌ಗಳನ್ನು 225ಕ್ಕೆ ಇಳಿಸಿ ಹೊಸ ಕರಡು ಹೊರಡಿಸಿದಾಗಲೂ ಜನರಿಗೆ ಕೊಟ್ಟದ್ದು ಅದೇ 15 ದಿನ.