ಗುರುತ್ವತರಂಗ ಶೋಧಕಯಂತ್ರಗಳ ಸೂಕ್ಷ್ಮತಾವೃದ್ಧಿ: ಒಂದು ಚಾರಿತ್ರಿಕ ವಿಮರ್ಶೆ

ಗುರುತ್ವತರಂಗಗಳುಂಟೆಂದು ಐನ್‌ಸ್ಟೈನ್ ಮಹಾಶಯರು ೧೯೧೬ನೆಯ ಇಸವಿಯಲ್ಲಿ ಗಣಿತಬಲದಿಂದ ಪ್ರತಿಪಾದಿಸಿದರು. ಅವು ಯಂತ್ರಕ್ಕೆ ಗೋಚರವಾದುದು ೨೦೧೫ರಲ್ಲಿ. ನಡುವಣ ೯೯ ಸಂವತ್ಸರಗಳ ವೃತ್ತಾಂತವನ್ನು ಸಿದ್ಧಾಂತದ ವಿಜಯವೆಂದು ವರ್ಣಿಸುವುದು ರೂಢಿಯಾಗಿದೆ. ನಮಗಾದರೋ ಅದು ಬಹುಮಟ್ಟಿಗೆ ಗದ್ದಲವನ್ನಡಗಿಸಿದ ವೃತ್ತಾಂತವೆಂದೇ ತೋರುತ್ತದೆ. ಅದರಲ್ಲಿ ಜೋಸೆಫ್ ವೆಬರರಿಗೆ ಯಾವ ಸ್ಥಾನವನ್ನು ಕೊಡತಕ್ಕದ್ದೆಂಬುದು ಪ್ರಕೃತ ವಿಚಾರಣೀಯವಾದ ಅಂಶ.

ಈ ತರಂಗವು ಹಾಯುವಾಗ ದೇಶವು ಒಂದು ದಿಕ್ಕಿಗೆ ಹಿಗ್ಗಿ, ಅದಕ್ಕೆ ಲಂಬವಾದ ದಿಕ್ಕಿಗೆ ಕುಗ್ಗುತ್ತದೆ. ಎಷ್ಟು ಮಾತ್ರವೆಂದರೆ, ೧ರ ಮುಂದೆ ೨೧ ಸೊನ್ನೆಗಳನ್ನಿಟ್ಟರೆ ಆಗುವ ಸಂಖ್ಯೆಯಲ್ಲಿ ಒಂದು ಪಾಲು. ೪ ಕಿಲೋಮೀಟರ್ ಉದ್ದದ ತೋಳಿನಲ್ಲಿ ಇದರಿಂದಾಗುವ ವ್ಯತ್ಯಾಸವು ಪ್ರೋಟಾನ್ ಕಣದ ವ್ಯಾಸದ ನೂರಾರು ಪಾಲುಗಳಲ್ಲೊಂದು. ಭೂಮಿಯ ಅದಿರಾಟವಾಗಲಿ, ಲೋಹದೊಳಗಣ ಶಾಖದ ಚಲನವಾಗಲಿ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವೆಬರರು ಒಂದು ಟನ್ನಿಗೂ ಮಿಗಿಲಾದ ಅಲ್ಯೂಮಿನಿಯಂ ದಂಡಗಳನ್ನು ತೂಗಹಾಕಿ, ಸೆಕೆಂಡಿಗೆ ಸುಮಾರು ೧೬೬೦ ಬಾರಿ ಕಂಪಿಸುವ ಅವುಗಳ ಸಹಜಸ್ವರವನ್ನು ತರಂಗವು ಮೀಟೀತೆಂದು ಕಾದರು. ಒಂದು ದಂಡ ಮೇರಿಲ್ಯಾಂಡಿನಲ್ಲಿ, ಇನ್ನೊಂದು ಶಿಕಾಗೋ ಸಮೀಪದ ಆರ್ಗಾನಿನಲ್ಲಿ. ಎರಡೂ ಏಕಕಾಲದಲ್ಲಿ ಮಿಡಿದವೆಂದು ೧೯೬೯ರಲ್ಲಿ ಸಾರಿದರು. ಆದರೆ ಅನ್ಯರು ಕಟ್ಟಿದ ದಂಡಗಳಲ್ಲಿ ಏನೂ ಕಾಣಲಿಲ್ಲ. ರಾಚೆಸ್ಟರಿನವರ ದಂಡದೊಡನೆಯೂ ತಮ್ಮದು ಏಕಕಾಲದಲ್ಲಿ ಮಿಡಿಯಿತೆಂದು ವೆಬರರು ತೋರಿಸಲು, ಎರಡು ಕಡೆಯ ಕಾಲಗಣನೆಯಲ್ಲಿ ನಾಲ್ಕು ಗಂಟೆಗಳಿಗೂ ಮೀರಿದ ಅಂತರವಿದ್ದುದು ಆಮೇಲೆ ಹೊರಬಿದ್ದಿತು. ಸಾಧ್ಯವಿಲ್ಲದೆಡೆಯಲ್ಲಿಯೂ ಕಾಣಿಸಿಕೊಳ್ಳುವ ಹೇತುವನ್ನು ನಮ್ಮ ತಾರ್ಕಿಕರು ಸವ್ಯಭಿಚಾರವೆನ್ನುತ್ತಾರಷ್ಟೆ. ಇದಕ್ಕಿಂತ ಸ್ಫುಟವಾದ ಉದಾಹರಣೆಯನ್ನು ನ್ಯಾಯಗ್ರಂಥಗಳಲ್ಲಿಯೂ ಕಾಣುವುದು ಕಷ್ಟ.

ಹಾಗೆಂದು ವೆಬರರನ್ನು ಚರಿತ್ರೆಯಿಂದ ಹೊರಗಿಡುವುದು ಯುಕ್ತವಲ್ಲ. ಬೆಳಕಿನ ವ್ಯತಿಕರಣದಿಂದ ತರಂಗವನ್ನು ಅಳೆಯಬಹುದೆಂಬ ವಿಚಾರವನ್ನು ರಷ್ಯದ ಗೆರ್ಟ್ಸೆನ್‌ಷ್ಟೈನ್ ಮತ್ತು ಪುಸ್ತೊವೊಯ್ತ್ ೧೯೬೨ರಲ್ಲಿಯೇ ಬರೆದಿದ್ದರೂ, ಅಂತಹ ಯಂತ್ರವನ್ನು ಮೊದಲು ಕಟ್ಟಿದ ರಾಬರ್ಟ್ ಫಾರ್ವರ್ಡ್ ವೆಬರರ ಶಿಷ್ಯನೇ. ವೆಬರರ ಪ್ರಯೋಗವನ್ನು ವಿವರಿಸಿರೆಂದು ವಿದ್ಯಾರ್ಥಿಗಳು ಕೇಳಿದುದರಿಂದಲೇ ಎಂ.ಐ.ಟಿ.ಯ ರೈನರ್ ವೈಸರು ಈ ಮಾರ್ಗದಲ್ಲಿ ಆಲೋಚಿಸತೊಡಗಿದರು. (ಪಾಠ ಹೇಳುವ ನಮ್ಮ ಮಿತ್ರರು ಗಮನಿಸತಕ್ಕ ಸಂಗತಿಯಿದು.) ೧೯೭೨ರಲ್ಲಿ ವೈಸರು ಬರೆದ ವರದಿಯು ಯಂತ್ರವನ್ನು ಕೆಡಿಸಬಲ್ಲ ಗದ್ದಲಗಳನ್ನು ಒಂದೊಂದಾಗಿ ಗಣಿಸಿ ಅಳೆಯುತ್ತದೆ. ಮುಂದಿನ ಐವತ್ತು ವರ್ಷಗಳ ಕಾರ್ಯವು ಬಹುತರ ಆ ವರದಿಯ ವ್ಯಾಖ್ಯಾನವೆಂದರೆ ಅತಿಶಯೋಕ್ತಿಯಾಗದು.

ಹ್ಯಾನ್‌ಫರ್ಡ್ ಮತ್ತು ಲಿವಿಂಗ್‌ಸ್ಟನ್ ಎಂಬಲ್ಲಿ ನೆಲೆಗೊಂಡ ಲೈಗೋ ಯಂತ್ರಗಳು ೨೦೦೨ರಿಂದ ೨೦೧೦ರವರೆಗೆ ಆಲಿಸಿದರೂ ಏನನ್ನೂ ಕೇಳಲಿಲ್ಲ. ಆದರೆ ವೆಬರರಿಂದ ಕಲಿತ ಪಾಠ ವ್ಯರ್ಥವಾಗಿರಲಿಲ್ಲ. ೨೦೧೦ರ ಸೆಪ್ಟೆಂಬರಿನಲ್ಲಿ ಕೆಲವೇ ಜನರಿಗೆ ತಿಳಿದಂತೆ ಯಂತ್ರದೊಳಕ್ಕೆ ಒಂದು ಕೃತಕ ಸಂಕೇತವನ್ನು ಸೇರಿಸಿದರು. ಉಳಿದವರು ತಿಂಗಳುಗಟ್ಟಲೆ ಪರೀಕ್ಷಿಸಿ, ಪ್ರಬಂಧವನ್ನೂ ಸಿದ್ಧಪಡಿಸಿದ ಮೇಲೆ ೨೦೧೧ರಲ್ಲಿ ಲಕೋಟೆಯನ್ನೊಡೆದು ನಿಜವನ್ನು ತಿಳಿಸಲಾಯಿತು. ತಮ್ಮನ್ನು ತಾವೇ ಹೀಗೆ ಪರೀಕ್ಷೆಗೊಡ್ಡಿಕೊಂಡ ವಿದ್ವನ್ಮಂಡಲಿಗಳು ವಿರಳ.

ಬಳಿಕ ಯಂತ್ರವನ್ನು ಹೊಸದಾಗಿ ಕಟ್ಟಿದರು. ಸುಮಾರು ೧೧ ಕಿಲೋಗ್ರಾಂ ತೂಕದ ಕನ್ನಡಿಗಳಿಗೆ ಬದಲಾಗಿ ೪೦ ಕಿಲೋಗ್ರಾಂನವು ಬಂದವು. ಅವನ್ನು ಒಂದರ ಕೆಳಗೊಂದಾದ ನಾಲ್ಕು ಲೋಲಕಗಳ ಸರಣಿಯಲ್ಲಿ ತೂಗಹಾಕಿ, ಉಕ್ಕಿನ ತಂತಿಯಿದ್ದೆಡೆಯಲ್ಲಿ ೦.೪ ಮಿಲಿಮೀಟರ್ ದಪ್ಪದ ಶುದ್ಧ ಸಿಲಿಕಾ ಗಾಜಿನ ಎಳೆಗಳನ್ನು ಬಳಸಿದರು. ಮೊದಲನೆಯದು ನೆಲದ ನಡುಕಕ್ಕೆ ಪರಿಹಾರ, ಎರಡನೆಯದು ಶಾಖದ ಕಂಪನಕ್ಕೆ. ೨೦೧೫ರ ಸೆಪ್ಟೆಂಬರ್ ೧೪ರಂದು ಎರಡು ಕೃಷ್ಣವಿವರಗಳ ಸಮ್ಮಿಲನದ ಸಂಕೇತವು ಎರಡೂ ಯಂತ್ರಗಳಿಗೆ ಮುಟ್ಟಿತು.

ಇನ್ನುಳಿದುದು ಬೆಳಕಿನದೇ ಗದ್ದಲ. ಬೆಳಕು ಕಣಕಣವಾಗಿ ಬರುವುದರಿಂದ ಎಣಿಕೆ ಏರಿಳಿಯುತ್ತದೆ. ಬೆಳಕನ್ನು ಹೆಚ್ಚಿಸಿದರೆ ಈ ದೋಷ ತಗ್ಗಿ, ಕಣಗಳ ಹೊಡೆತದಿಂದ ಕನ್ನಡಿ ಅಲುಗುವ ದೋಷ ಏಳುತ್ತದೆ. ಈ ಎರಡಕ್ಕೂ ಮೂಲ ಯಂತ್ರದ ಬರಿದಾದ ದ್ವಾರದಿಂದ ಒಳನುಗ್ಗುವ ಶೂನ್ಯದ ಸ್ಪಂದನವೆಂದೂ, ಅದನ್ನು ‘ಹಿಂಡಿ’ ಒಳಬಿಟ್ಟರೆ ಒಂದು ದೋಷವನ್ನು ಇಳಿಸಬಹುದೆಂದೂ ಕಾರ್ಲ್‌ಟನ್ ಕೇವ್ಸ್ ೧೯೮೧ರಲ್ಲಿ ತೋರಿಸಿದರು. ಶೂನ್ಯವೂ ನಿಃಶಬ್ದವಲ್ಲವೆಂಬ ಈ ಮಾತು ನಮಗೆ ಸೋಜಿಗವಾಗಿದೆ. ಜರ್ಮನಿಯ ಜಿಯೋ ೬೦೦ ಯಂತ್ರದಲ್ಲಿ ಮೊದಲು ರೂಢಿಗೆ ಬಂದ ಈ ಉಪಾಯವನ್ನು ೨೦೧೯ರ ಏಪ್ರಿಲಿನಿಂದ ಲೈಗೋದವರೂ ನಿತ್ಯದ ಬಳಕೆಗೆ ತಂದರು. ೨೦೨೩ರ ಮೇ ತಿಂಗಳಿನಿಂದ ೩೦೦ ಮೀಟರಿನ ಇನ್ನೊಂದು ಕೊಳವೆಯ ಸಹಾಯದಿಂದ ಮಂದ್ರಸ್ವರಕ್ಕೆ ಒಂದು ಬಗೆಯಾಗಿ, ತಾರಸ್ವರಕ್ಕೆ ಮತ್ತೊಂದು ಬಗೆಯಾಗಿ ಹಿಂಡುವುದು ಸಾಧ್ಯವಾಗಿದೆ. ತರಂಗದ ಬಲವು ದೂರಕ್ಕೆ ತಕ್ಕಂತೆ ಕುಂದುವುದರಿಂದ, ಸೂಕ್ಷ್ಮತೆ ಇಮ್ಮಡಿಯಾದರೆ ಯಂತ್ರಕ್ಕೆ ನಿಲುಕುವ ಆಕಾಶದ ಘನವು ಎಂಟು ಮಡಿಯಾಗುತ್ತದೆ.

ಕನ್ನಡನಾಡಿಗೂ ಇದರಲ್ಲಿ ಒಂದು ಪಾಲುಂಟು. ವೆಬರರಿದ್ದ ಮೇರಿಲ್ಯಾಂಡಿನಲ್ಲಿಯೇ ಸಂಶೋಧನೆ ನಡೆಸಿದ ಬೆಂಗಳೂರಿನ ಸಿ. ವಿ. ವಿಶ್ವೇಶ್ವರರು, ಕದಡಿದ ಕೃಷ್ಣವಿವರವು ಬಡಿದ ಘಂಟೆಯಂತೆ ಅನುರಣಿಸಿ ಅಡಗುವುದೆಂದು ೧೯೭೦ರಲ್ಲಿ ಗಣಿಸಿದ್ದರು. ೨೦೧೫ರ ಸಂಕೇತದಲ್ಲಿ ಆ ಅನುರಣನ ಕ್ಷೀಣವಾಗಿತ್ತು. ೨೦೨೫ರ ಜನವರಿ ೧೪ರಂದು ಅದರಂತೆಯೇ ಇದ್ದ ಇನ್ನೊಂದು ಸಮ್ಮಿಲನವು ಸುಮಾರು ಮೂರು ಪಟ್ಟು ಸ್ಪಷ್ಟವಾಗಿ ಕೇಳಿಸಿ, ಅನುರಣನವನ್ನು ಬಿಡಿಸಿ ಅಳೆಯುವುದಕ್ಕೆ ಅನುಕೂಲವಾಯಿತು. ಈ ಅಂತರಕ್ಕೆ ಮುಖ್ಯ ಕಾರಣ ಯಂತ್ರದ ಸಂಸ್ಕಾರವೇ. ೨೦೧೭ರ ಜನವರಿಯಲ್ಲಿ ತೀರಿಕೊಂಡ ವಿಶ್ವೇಶ್ವರರು ಮೊದಲನೆಯದರ ವಾರ್ತೆಯನ್ನು ಕೇಳಿದ್ದರು. ೨೦೦೦ದಲ್ಲಿ ಗತಿಸಿದ ವೆಬರರಿಗೆ ಎರಡೂ ದಕ್ಕಲಿಲ್ಲ. ಅವರ ದಂಡಗಳಲ್ಲೊಂದನ್ನು ಹ್ಯಾನ್‌ಫರ್ಡಿನ ಲೈಗೋ ಶೋಧಾಲಯದಲ್ಲಿ ಪ್ರದರ್ಶನಕ್ಕಿಡಲಾಗಿದೆ.