ಬ್ರೌಸರ್‌ನಲ್ಲಿ ಗೇಮ್ ಬಾಯ್: ಎಮ್ಯುಲೇಟರ್ ರಚನೆ

ಎಮ್ಯುಲೇಟರ್ ಎಂದರೇನು?

ಒಂದು ಯಂತ್ರದ ವರ್ತನೆಯನ್ನು ಮತ್ತೊಂದು ಯಂತ್ರದಲ್ಲಿ ಯಥಾವತ್ತಾಗಿ ಅನುಕರಿಸುವ ತಂತ್ರಾಂಶವೇ ಎಮ್ಯುಲೇಟರ್. ಜಪಾನಿನ ನಿಂಟೆಂಡೊ ಸಂಸ್ಥೆ 1989ರಲ್ಲಿ ಹೊರತಂದ ಗೇಮ್ ಬಾಯ್ ಎಂಬ ಕೈಹಿಡಿ ಆಟದ ಸಾಧನ ಇದಕ್ಕೆ ಬಹಳ ಒಗ್ಗುತ್ತದೆ. ಅದರ ಪರದೆಯಲ್ಲಿರುವುದು 160 × 144 ಚುಕ್ಕೆಗಳು, ನಾಲ್ಕೇ ಛಾಯೆಗಳು. ಇಷ್ಟು ಚಿಕ್ಕ ಯಂತ್ರವನ್ನು ಆಸಕ್ತ ವಿದ್ಯಾರ್ಥಿಯೊಬ್ಬರು ಆದ್ಯಂತ ಅರಿಯಬಹುದು. ಇದೇ ಅದರ ದೊಡ್ಡ ಆಕರ್ಷಣೆ.

ಪ್ರೊಸೆಸರ್ ಮತ್ತು ಸ್ಮೃತಿ

ಎಮ್ಯುಲೇಟರ್ ಆಟದ ಸಂಕೇತದಿಂದ ಒಂದು ಬೈಟ್ ಓದುತ್ತದೆ, ಅದು ಯಾವ ಆದೇಶವೆಂದು ಗುರುತಿಸುತ್ತದೆ, ಪಾಲಿಸಿ ಮುಂದೆ ಸಾಗುತ್ತದೆ. ಗೇಮ್ ಬಾಯ್‌ನ 8 ಬಿಟ್ ಪ್ರೊಸೆಸರ್‌ಗೆ ಎಟಕುವುದು 65,536 ವಿಳಾಸಗಳು ಮಾತ್ರ. ದೊಡ್ಡ ಆಟಗಳು ಅಷ್ಟರಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ಆಟವನ್ನು ಹೊತ್ತ ಕಾರ್ಟ್ರಿಜ್‌ನೊಳಗಿನ ಚಿಪ್ ಒಂದು ಭಾಗವನ್ನು ಮರೆಮಾಡಿ ಇನ್ನೊಂದನ್ನು ಮುಂದಿಡುತ್ತದೆ. ಓದಲು ಮಾತ್ರ ಮೀಸಲಾದ ವಿಳಾಸಕ್ಕೆ ಆಟವು ಏನನ್ನಾದರೂ ಬರೆದರೆ, ಎಮ್ಯುಲೇಟರ್ ಅದನ್ನು ತಪ್ಪೆಂದು ತಳ್ಳದೆ ಆ ಚಿಪ್‌ಗೆ ಕೊಟ್ಟ ಆಜ್ಞೆಯೆಂದು ತಿಳಿಯಬೇಕು.

ಕಾಲಪಾಲನೆ

ನಿಜವಾದ ಕಷ್ಟ ವೇಗದ್ದಲ್ಲ, ಕಾಲದ್ದು. ಗೇಮ್ ಬಾಯ್‌ನ ಗಡಿಯಾರ ಸೆಕೆಂಡಿಗೆ 41,94,304 ಬಾರಿ ಮಿಡಿಯುತ್ತದೆ. ಪರದೆಯ ಒಂದು ಸಾಲಿಗೆ 456 ಮಿಡಿತಗಳು. ಕಾಣುವ 144 ಸಾಲುಗಳ ನಂತರ ಕಾಣದ 10 ಸಾಲುಗಳ ಅವಧಿ. ಒಟ್ಟು 70,224 ಮಿಡಿತಗಳಿಗೆ ಒಂದು ಚಿತ್ರ. ಹೀಗೆ ಸೆಕೆಂಡಿಗೆ ಸುಮಾರು 59.7 ಚಿತ್ರಗಳು ಮೂಡುತ್ತವೆ. ಅಂಕಗಳ ಪಟ್ಟಿ ಸ್ಥಿರವಾಗಿದ್ದು ಉಳಿದ ದೃಶ್ಯ ಮಾತ್ರ ಸರಿಯಬೇಕೆಂದರೆ, ಕೆಲವು ಆಟಗಳು ಚಿತ್ರ ಅರ್ಧ ಮೂಡಿರುವಾಗಲೇ ದೃಶ್ಯದ ಸ್ಥಾನವನ್ನು ಬದಲಿಸುತ್ತವೆ. ಪ್ರೊಸೆಸರ್ ಮತ್ತು ಚಿತ್ರ ಮೂಡಿಸುವ ಘಟಕದ ಹೆಜ್ಜೆ ಕೂಡದಿದ್ದರೆ ಆ ಪಟ್ಟಿಯೇ ಕದಲಿಬಿಡುತ್ತದೆ.

ಬ್ರೌಸರ್‌ನ ಪಾತ್ರ

ಜಾವಾಸ್ಕ್ರಿಪ್ಟ್ ಅಥವಾ ವೆಬ್‌ಅಸೆಂಬ್ಲಿಯಲ್ಲಿ ರಚಿಸಿದ ಎಮ್ಯುಲೇಟರ್ ತನ್ನ ಚಿತ್ರವನ್ನು ಪುಟದ ಕ್ಯಾನ್ವಾಸ್ ಮೇಲೆ ಬಿಡಿಸುತ್ತದೆ. ಪ್ರತಿ ಬಾರಿ ಪರದೆ ನವೀಕರಣಗೊಳ್ಳುವಾಗ ಬ್ರೌಸರ್ ಎಮ್ಯುಲೇಟರನ್ನು ಕರೆಯುತ್ತದೆ. ಕರೆಗೊಂದು ಚಿತ್ರದಂತೆ ನಡೆಸಿದರೆ 120 ಹರ್ಟ್ಸ್ ಪರದೆಯಲ್ಲಿ ಆಟ ಇಮ್ಮಡಿ ವೇಗದಲ್ಲಿ ಓಡುತ್ತದೆ. ಕಳೆದ ಕಾಲವನ್ನು ಅಳೆದು ಅಷ್ಟೇ ಮಿಡಿತಗಳನ್ನು ನಡೆಸುವುದು ಸರಿಯಾದ ಕ್ರಮ. ಬಳಕೆದಾರರು ಪುಟವನ್ನು ಒಮ್ಮೆಯಾದರೂ ಒತ್ತುವವರೆಗೆ ಬ್ರೌಸರ್‌ಗಳು ಸಾಮಾನ್ಯವಾಗಿ ಧ್ವನಿಗೆ ಅನುಮತಿ ನೀಡುವುದಿಲ್ಲ. ಕಾರ್ಟ್ರಿಜ್‌ನ ಬ್ಯಾಟರಿ ಕಾಪಾಡುತ್ತಿದ್ದ ಆಟದ ಪ್ರಗತಿಯನ್ನು ಇಲ್ಲಿ ಬ್ರೌಸರ್‌ನ ಸಂಗ್ರಹದಲ್ಲಿ ಇರಿಸಬಹುದು.

ಉಪಯೋಗ

ವಾಣಿಜ್ಯ ಆಟಗಳಿಗೆ ಕೃತಿಸ್ವಾಮ್ಯವಿದೆ. ಅವುಗಳ ಪ್ರತಿಗಳನ್ನು ಅನುಮತಿಯಿಲ್ಲದೆ ಹಂಚುವಂತಿಲ್ಲ. ಆದರೆ ಗೇಮ್ ಬಾಯ್‌ಗಾಗಿ ಹವ್ಯಾಸಿಗಳು ಇಂದಿಗೂ ಹೊಸ ಆಟಗಳನ್ನು ರಚಿಸುತ್ತಿದ್ದಾರೆ. ಜಿಬಿ ಸ್ಟುಡಿಯೊ ಎಂಬ ಉಚಿತ ತಂತ್ರಾಂಶದಲ್ಲಿ ಸಿದ್ಧಪಡಿಸಿದ ಆಟವನ್ನು ನೇರವಾಗಿ ಜಾಲಪುಟದ ರೂಪದಲ್ಲಿಯೂ ಪಡೆಯಬಹುದು. ಆಟದೊಂದಿಗೆ ಎಮ್ಯುಲೇಟರ್ ಕೂಡ ಆ ಪುಟದೊಳಗೇ ಅಡಕವಾಗಿರುತ್ತದೆ.